ಸಿದ್ದರಾಜುವಿನ ಲಾನು, ಮುನಿಯಕ್ಕನ ತಿಪ್ಪೆ

ಹೆಂಡತಿಯಾದವಳು ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು ಪಕ್ಕದ ಮನೆಗೆ ಹೋಗತೊಡಗಿದರೆ ಗಂಡನಾದವನು ಏನು ಮಾಡಬೇಕೋ ಸಿದ್ದರಾಜು ಅದನ್ನೇ ಮಾಡಿದ. ಏಣಿ ತಂದ.

ಏಣಿಯನ್ನು ಕಾಂಪೌಂಡಿಗೆ ಒರಗಿಸಿ, ಕೈಯಲ್ಲೊಂದು ಒದ್ದೆ ಬಟ್ಟೆ ಹಿಡಿದು, ಡಿಶ್ ಆಂಟೆನಾ ಒರೆಸುವವನ ಹಾಗೆ ಮೇಲೆ ಹತ್ತಿದ. ಆಂಟೆನಾ ಇದ್ದದ್ದು ತಾರಸಿಯ ಮೇಲೆ, ಏಣಿ ಇದ್ದದ್ದು ಗೇಟಿನ ಪಕ್ಕ. ಹೊಟ್ಟೆಕಿಚ್ಚು ಹಿಡಿದವನಿಗೆ ಇಂಥ ಸಣ್ಣಪುಟ್ಟ ವ್ಯತ್ಯಾಸಗಳು ಕಾಣುವುದಿಲ್ಲ. ಅವನಿಗೆ ಕಂಡದ್ದು ಇಷ್ಟು: ಪಕ್ಕದ ಮನೆಯ ಚನ್ನವೀರಪ್ಪನವರ ಲಾನಿನ ಮೇಲೆ ತನ್ನ ಹೆಂಡತಿ ವೇಣಿ ಸೀರೆಯ ನೆರಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿಕೊಂಡು, ಬರಿಗಾಲಲ್ಲಿ ನಡೆಯುತ್ತಿದ್ದಾಳೆ. ಮುಖದ ಮೇಲೆ ನಗು ಬೇರೆ. ಆ ನಗುವನ್ನು ಸಿದ್ದರಾಜು ಹಿಂದಿನ ಸಲ ನೋಡಿದ್ದು ಮನೆಗೆ ಗ್ಯಾಸ್ ಕನೆಕ್ಷನ್ ಬಂದ ದಿನ.

ತಪ್ಪು ತಿಳಿಯಬಾರದು. ವೇಣಿಗೆ ಬೇಕಾಗಿದ್ದದ್ದು ಹುಲ್ಲು, ಹುಲ್ಲಿನ ಯಜಮಾನರಲ್ಲ. ಚನ್ನವೀರಪ್ಪನವರಿಗೆ ಅರವತ್ತೆರಡು ವಯಸ್ಸು. ಸರ್ಕಾರಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಜುಬ್ಬದ ಜೇಬಿನಲ್ಲಿ ಈಗಲೂ ಆರಿಂಚಿನ ಸ್ಕೇಲು ಇಟ್ಟುಕೊಳ್ಳುವವರು. ವೇಣಿಗೆ ಬಿ.ಪಿ. ಶುರುವಾಗಿತ್ತು. ಬೆಳಿಗ್ಗೆ ಇಪ್ಪತ್ತು ನಿಮಿಷ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೀರಿ, ಆದರೆ ಕೆಮಿಕಲ್ ಹಾಕಿದ ಹುಲ್ಲು ಬೇಡ ಎಂದು ಡಾಕ್ಟರು ಹೇಳಿದ್ದರು. ಸಿಂಗಸಂದ್ರದ ಆ ಬಡಾವಣೆಯಲ್ಲಿ ಸಾವಯವ ಲಾನು ಅಂತ ಇದ್ದದ್ದು ಅದೊಂದೇ.

“ನಮ್ಮನೇಲೂ ಹುಲ್ಲಿದೆಯಲ್ಲೇ!” ಎಂದ ಸಿದ್ದರಾಜು.

“ಅದು ಹುಲ್ಲೇನ್ರೀ? ಹಳೇ ಕಾಲೊರಸು ಬಿಸಿಲಿಗೆ ಹಾಕಿದ ಹಾಗಿದೆ. ಅದರ ಮೇಲೆ ನಡೆದ್ರೆ ಬಿ.ಪಿ. ಇನ್ನೂ ಏರತ್ತೆ. ಅವರ ಹುಲ್ಲು ನೋಡಿ, ಕಾಲಿಟ್ರೆ ಬೆಣ್ಣೆ.”

ಬೆಣ್ಣೆ ಎಂಬ ಮಾತು ಸಿದ್ದರಾಜುವಿನ ಹೊಟ್ಟೆಯೊಳಗೆ ಹೋಗಿ ಬೆಂಕಿಯಾಯಿತು. ಹಸಿದವನು ಹೊಟ್ಟೆ ಉರಿದುಕೊಳ್ಳಲು ಹಸಿವು ಕಾರಣ. ಸೈಟು ಕೊಂಡು ಮನೆ ಕಟ್ಟಿದವನ ಹೊಟ್ಟೆಯುರಿಗೆ ಅಷ್ಟು ದೊಡ್ಡ ಕಾರಣವೇನೂ ಬೇಡ, ಕಾಂಪೌಂಡು ಒಂದಡಿ ಗಿಡ್ಡ ಇದ್ದರೆ ಸಾಕು. ಅವನು ಅಂದೇ ತೀರ್ಮಾನಿಸಿದ: ವೇಣಿಯ ಕಾಲು ಇನ್ನು ತನ್ನ ಲಾನಿನ ಮೇಲೇ ಬೀಳಬೇಕು. ಆಗಸ್ಟ್ ಹದಿನೈದಕ್ಕೆ ಬಡಾವಣೆಯ ಸಂಘದವರು ಕೊಡುವ ‘ಮಾದರಿ ಸಾವಯವ ಲಾನು’ ಎಂಬ ಹಿತ್ತಾಳೆ ಬೋರ್ಡೂ ತನ್ನ ಗೇಟಿನ ಮೇಲೇ ಬೀಳಬೇಕು. ಆ ಸಂಘದ ಕಾರ್ಯದರ್ಶಿ ಚನ್ನವೀರಪ್ಪನವರು. ಸ್ಪರ್ಧೆಯ ನಿಯಮ ಬರೆದವರು ಚನ್ನವೀರಪ್ಪನವರು. ಸ್ಪರ್ಧೆಗೆ ಮೊದಲು ಹೆಸರು ಕೊಟ್ಟವರೂ ಚನ್ನವೀರಪ್ಪನವರೇ. ನಮ್ಮ ಪ್ರಜಾಪ್ರಭುತ್ವದಲ್ಲಿ ಇದಕ್ಕೆ ಯಾರೂ ಆಶ್ಚರ್ಯಪಡುವುದಿಲ್ಲ, ಸಿದ್ದರಾಜುವೂ ಪಡಲಿಲ್ಲ.

ಏಣಿಯ ಮೇಲೆ ಮೂರು ದಿನ ನಿಂತ ಮೇಲೆ ಗುಟ್ಟು ಪತ್ತೆಯಾಯಿತು. ಭಾನುವಾರ ಚನ್ನವೀರಪ್ಪನವರ ಮನೆಗೆ ಎರಡು ಬುಟ್ಟಿ ಗೊಬ್ಬರ ಬಂತು. ಹೊತ್ತು ತಂದವಳು ಮುನಿಯಕ್ಕ.

ಬಡಾವಣೆ ಮುಗಿದು ರಾಜಕಾಲುವೆ ಶುರುವಾಗುವ ಕಡೆ ಮುನಿಯಕ್ಕನದೊಂದು ಶೀಟಿನ ಮನೆ, ಮುಂದೆ ಕೆಂಪಿ ಎಂಬ ಹಸು, ಹಿಂದೆ ಒಂದು ತಿಪ್ಪೆ. ಬಡಾವಣೆ ಎದ್ದು ನಿಂತಿದ್ದದ್ದೇ ಅವಳ ಮತ್ತು ಅವಳಂಥವರ ಹೊಲಗಳ ಮೇಲೆ. ಕಾರ್ಖಾನೆ ನೌಕರರ ಗೃಹನಿರ್ಮಾಣ ಸಂಘದವರು ಬಂದು, ಹಾರ ಹಾಕಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಹಾರ ಬಾಡಲು ಎರಡು ದಿನ ಹಿಡಿಯಿತು. ಹೊಲ ಹೋಗಲು ಅಷ್ಟೂ ಹಿಡಿಯಲಿಲ್ಲ.

“ಬಾ ಕಣಪ್ಪ, ಗೊಬ್ರ ಬೇಕಾ?” ಎಂದಳು ಮುನಿಯಕ್ಕ. ತಿಪ್ಪೆಯ ಬುಡಕ್ಕೆ ಗುದ್ದಲಿ ಹಾಕಿ ಒಂದು ಬುಟ್ಟಿ ಎಳೆದಳು. ಕಾಫಿಪುಡಿಯ ಹಾಗೆ ಕಪ್ಪಗೆ, ಉದುರುದುರಾಗಿ, ವಾಸನೆಯೇ ಇಲ್ಲದ ಗೊಬ್ಬರ. “ಓದ್ ವರ್ಸದ್ದು. ಚಂದಾಗಿ ಕಳ್ತೈತೆ. ತಕ್ಕಂಡೋಗು.”

ಇಲ್ಲಿ ಸಿದ್ದರಾಜುವಿನ ಉದ್ಯೋಗದ ಬಗ್ಗೆ ಹೇಳಬೇಕು. ಬೊಮ್ಮಸಂದ್ರದ ಪಂಪು ಕಾರ್ಖಾನೆಯೊಂದರಲ್ಲಿ ಅವನು ಇಪ್ಪತ್ತೊಂದು ವರ್ಷದಿಂದ ಸ್ಟೋರ್ ಕೀಪರು. ಯಾವ ಡಬ್ಬ ಬಂದರೂ ಅವನು ಮೊದಲು ನೋಡುವುದು ತಯಾರಾದ ತಾರೀಕು. ಗ್ರೀಸಾಗಲಿ, ಗೋಂದಾಗಲಿ, ಬಣ್ಣವಾಗಲಿ, ಹಳೇ ಮಾಲು ಅಂದರೆ ರಿಜೆಕ್ಟ್. ಕೆಂಪು ಸೀಲು ಹೊಡೆದು ವಾಪಸು ಕಳಿಸುವುದರಲ್ಲಿ ಅವನಿಗಿದ್ದ ಸುಖ ಅವನ ಜೀವನದ ಉಳಿದ ಯಾವ ಭಾಗದಲ್ಲೂ ಇರಲಿಲ್ಲ. ಅಂಥವನ ಕೈಗೆ ಹೋದ ವರ್ಷದ ಸಗಣಿ ಕೊಟ್ಟರೆ?

“ಹೋದ ವರ್ಷದ್ದಾ!” ಎಂದ ಅವನು. “ಪಕ್ಕದ ಮನೆ ಸಾರಿಗೂ ಇದನ್ನೇ ಕೊಟ್ರಾ?”

“ಊನಪ್ಪ, ಇದ್ನೇ.”

ಸಿದ್ದರಾಜು ನಂಬಲಿಲ್ಲ. ಎಂಜಿನಿಯರಿಗೆ ಒಳ್ಳೇ ಮಾಲು, ಸ್ಟೋರ್ ಕೀಪರಿಗೆ ಗೋಡೌನಿನ ಮೂಲೆಯ ಮಾಲು! “ನನಗೆ ಮೇಲಿಂದು ಕೊಡಿ ಮುನಿಯಕ್ಕ. ಫ್ರೆಶ್ಶು. ಈ ವಾರದ್ದು.”

“ಅದು ಅಸಿ ಸಗಣಿ ಕಣಪ್ಪ, ಇನ್ನೂ ಕಾವೈತೆ. ಕೊಟ್ಟಿಗೆ ಗುಡ್ಸಿದ್ದು, ರಾಗಿ ಒಟ್ಟು, ಕೆಂಪಿ ತಿಂದು ಬುಟ್ಟ ಉಲ್ಲು, ಎಲ್ಲಾ ಸೇರ್ಕಂಡೈತೆ. ಅದ್ನ ಆಕಬಾರ್ದು.”

“ಕೊಡೋಕೆ ಇಷ್ಟ ಇಲ್ಲ ಅಂತ ಹೇಳಿಬಿಡಿ.”

ಮುನಿಯಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಸೈಟು ಕೊಳ್ಳುವ ಜನಕ್ಕೆ ಬುದ್ಧಿ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ, ಕೇಳಿಯೂ ಅವರಿಗೆ ಅಭ್ಯಾಸವಿರಲಿಲ್ಲ. “ನಿನ್ ಅಂಗ್ಳ, ನಿನ್ ಇಷ್ಟ,” ಎಂದು ಮೇಲಿನಿಂದ ಹತ್ತು ಬುಟ್ಟಿ ತುಂಬಿಕೊಟ್ಟಳು. ಚನ್ನವೀರಪ್ಪನವರಿಗೆ ಎರಡು ಬುಟ್ಟಿ, ತನಗೆ ಹತ್ತು. ಸಿದ್ದರಾಜು ಗೆದ್ದವನಂತೆ ಮನೆಗೆ ಬಂದ.

ಅಷ್ಟಕ್ಕೇ ಬಿಡಲಿಲ್ಲ. ಕೃಷಿಮೇಳದಲ್ಲಿ ಯಾರೋ ಹಂಚಿದ ಕರಪತ್ರ ನೋಡಿಕೊಂಡು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಜೀವಾಮೃತವನ್ನೂ ಇಟ್ಟ. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಸೇರಿಸಿ ದಿನಕ್ಕೆರಡು ಸಲ ಕೋಲಿನಲ್ಲಿ ತಿರುವಬೇಕು. ಬೋಂಡ ಮಾಡಲು ವೇಣಿ ಡಬ್ಬ ತೆಗೆದರೆ ಕಡಲೆಹಿಟ್ಟಿಲ್ಲ. ಕರಪತ್ರದಲ್ಲಿ ಇನ್ನೊಂದು ಸಾಲಿತ್ತು: ಹೊಲದ ಬದುವಿನ ಮಣ್ಣು ಒಂದು ಹಿಡಿ. ಸಿದ್ದರಾಜು ಬಡಾವಣೆಯ ಐದೂ ಅಡ್ಡರಸ್ತೆ ಸುತ್ತಿ, ಎಲ್ಲೆಲ್ಲೂ ಕಾಂಕ್ರೀಟೇ ಕಂಡು, ಮತ್ತೆ ಮುನಿಯಕ್ಕನಲ್ಲಿಗೆ ಹೋದ.

“ಇಲ್ಲಿ ಹತ್ತಿರದಲ್ಲಿ ಹೊಲದ ಬದು ಎಲ್ಲಿದೆ?”

ಮುನಿಯಕ್ಕ ಎಲೆಯಡಿಕೆ ಉಗಿದು, ಕಣ್ಣು ಕಿರಿದು ಮಾಡಿ ಲೆಕ್ಕ ಹಾಕಿದಳು. “ನಿನ್ ಅಡ್ಗೆಮನೆ ಬುಡದಾಗೆ ಐತಲ್ಲಪ್ಪ. ಒಲೆ ಇರೋ ಕಡೆ.”

ಸಿದ್ದರಾಜು ಒಂದು ಕ್ಷಣ ಅಡುಗೆಮನೆಯ ಟೈಲ್ಸ್ ಒಡೆಯುವ ಬಗ್ಗೆ ನಿಜವಾಗಿಯೂ ಯೋಚಿಸಿದ. ವೇಣಿಯ ಮುಖ ನೆನಪಾಗಿ ಕೈಬಿಟ್ಟ.

ಹತ್ತು ಬುಟ್ಟಿ ಹಸಿ ಸಗಣಿ ಬಿದ್ದ ಮೂರನೇ ದಿನಕ್ಕೆ ವಾಸನೆ ನಾಲ್ಕನೇ ಅಡ್ಡರಸ್ತೆ ಮುಟ್ಟಿತು. ಬೆಲ್ಲದ ಡ್ರಮ್ಮಿಗೆ ಕಟ್ಟಿರುವೆ ಸಾಲುಗಟ್ಟಿದವು. ಬಡಾವಣೆಯ ನಾಯಿಗಳು ಲಾನಿನ ಮೇಲೆ ಬೆನ್ನು ಹಾಕಿ ಹೊರಳಿ, ಎದ್ದು, ತಮ್ಮ ತಮ್ಮ ಮನೆಗಳ ಸೋಫಾದ ಮೇಲೆ ಹೋಗಿ ಮಲಗಿದವು. ಸಂಘದಿಂದ ಲೆಟರ್‌ಹೆಡ್ಡಿನಲ್ಲಿ ಪತ್ರ ಬಂತು. ಬರೆದವರು ಚನ್ನವೀರಪ್ಪನವರು, ತಂದುಕೊಟ್ಟವರು ಚನ್ನವೀರಪ್ಪನವರು, ಮೂಗಿಗೆ ಕರ್ಚೀಫು ಹಿಡಿದು ಗೇಟಿನಲ್ಲಿ ನಿಂತವರೂ ಅವರೇ.

“ಸಿದ್ದರಾಜು ಅವರೇ, ಇದೇನ್ರೀ ಇದು?”

“ಆರ್ಗ್ಯಾನಿಕ್ಕು ಸಾರ್.”

“ನಮ್ದೂ ಆರ್ಗ್ಯಾನಿಕ್ಕೇ. ನಾತ ಬರಲ್ವಲ್ಲ?”

“ನಿಮ್ದು ಹಳೇ ಸ್ಟಾಕ್ ಸಾರ್.”

ಚನ್ನವೀರಪ್ಪನವರಿಗೆ ಅರ್ಥವಾಗಲಿಲ್ಲ. ಆದರೆ ತಮ್ಮಲ್ಲಿರುವುದು ಹಳೇ ಸ್ಟಾಕು ಎಂಬ ಮಾತು ನಿವೃತ್ತರಾದವರಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆ ಬೆಂಕಿ ಕಾಂಪೌಂಡು ದಾಟಿದ್ದು ಆವತ್ತು.

ವೇಣಿ ಮಾತ್ರ ಮೊದಲು ಇಪ್ಪತ್ತು ನಿಮಿಷ ಪಕ್ಕದ ಮನೆಯಲ್ಲಿ ನಡೆಯುತ್ತಿದ್ದವಳು ಈಗ ನಲವತ್ತು ನಿಮಿಷ ನಡೆಯತೊಡಗಿದಳು. ಸ್ವಂತ ಮನೆಯಲ್ಲಿ ಉಸಿರಾಡುವುದೇ ಕಷ್ಟ ಎಂದಳು.

ಆಮೇಲೆ ಮಳೆ ಬಂತು. ಮಳೆ ಬಂದ ಆರನೇ ದಿನ ಬೆಳಿಗ್ಗೆ ಸಿದ್ದರಾಜು ಹಲ್ಲುಜ್ಜುತ್ತಾ ಹೊರಗೆ ಬಂದವನು ಬ್ರಷ್ಷು ಬಾಯಲ್ಲೇ ಬಿಟ್ಟು ನಿಂತ. ಹಸಿರು! ಹಳೇ ಕಾಲೊರಸಿನ ತುಂಬ ಸೂಜಿಮೊನೆಯಂಥ ಹಸಿರು ಎದ್ದಿತ್ತು. ಹತ್ತು ದಿನಕ್ಕೆ ಬೆರಳುದ್ದ. ಹದಿನೈದು ದಿನಕ್ಕೆ ಗಾಳಿ ಬೀಸಿದರೆ ಒಂದೇ ಕಡೆಗೆ ಬಾಗುವಷ್ಟು. ಚನ್ನವೀರಪ್ಪನವರ ಹುಲ್ಲು ಅದರ ಮುಂದೆ ಬಣ್ಣ ಹೋದ ಬ್ಲೌಸ್ ಪೀಸು.

ಸಿದ್ದರಾಜು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಭಾಷಣ ಮಾಡಿದ. “ಎಲ್ಲಾ ತಾರೀಕಿನ ಮೇಲೆ ನಿಂತಿದೆ ಗುರು. ಫ್ರೆಶ್ ಹಾಕಿದ್ರೆ ಫ್ರೆಶ್ ಬರುತ್ತೆ.” ಸಂಜೆ ಮನೆಗೆ ಬಂದು ಏಣಿ ಹತ್ತಿದರೆ, ಆಚೆ ಕಡೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತ ಚನ್ನವೀರಪ್ಪನವರ ತಲೆ! ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ.

“ಆಂಟೆನಾ ಸಾರ್,” ಎಂದ ಸಿದ್ದರಾಜು.

“ಬಲ್ಬು,” ಎಂದರು ಚನ್ನವೀರಪ್ಪನವರು. ಅಲ್ಲಿ ಬಲ್ಬಿರಲಿಲ್ಲ.

ಇಬ್ಬರಲ್ಲಿ ಒಬ್ಬರಿಗೂ ಅದೇನು ಬೆಳೆದಿದೆ ಎಂದು ತಿಳಿದಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು. ಇಬ್ಬರೂ ಪೇಟೆಯಲ್ಲಿ ಹುಟ್ಟಿದವರು. ತಟ್ಟೆಗೆ ಬಂದದ್ದನ್ನು ಐವತ್ತು ವರ್ಷ ಉಂಡವರು, ತಟ್ಟೆಗೆ ಬರುವ ಮುಂಚೆ ಅದು ಹೇಗಿತ್ತೆಂದು ಒಂದು ದಿನವೂ ಕೇಳದವರು. ತಿಳಿದವಳು ಒಬ್ಬಳು ಅಲ್ಲೇ ಇದ್ದಳು: ಚನ್ನವೀರಪ್ಪನವರ ಲಾನಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವ ಶೇಖವ್ವ. ಲಿಂಗಸೂಗೂರು ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋದರೆ ಇವಳು ಹುಲ್ಲಿನ ಕೆಲಸಕ್ಕೆ ಬರುತ್ತಿದ್ದಳು. ಕಾಂಪೌಂಡಿನ ಆಚೆ ಒಂದು ಸಲ ಇಣುಕಿ ನೋಡಿದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಯಾಕೆ ನಗ್ತೀಯ?” ಎಂದರು ಚನ್ನವೀರಪ್ಪನವರು.

“ಏನಿಲ್ರೀ ಯಪ್ಪಾ. ಅವರ ಲಾನು ಭಾಳ ಚಲೋ ಬಂದೈತ್ರಿ. ಬರೋ ದಿನದಾಗ ಇನ್ನೂ ಚಲೋ ಬರತೈತ್ರಿ.”

ಅವರು ಅವತ್ತು ಊಟ ಬಿಟ್ಟರು. ಮಾರನೇ ದಿನ ಎರಡನೇ ಪತ್ರ ಬಂತು: ನಿಯಮ ಏಳರ ಪ್ರಕಾರ ಹುಲ್ಲು ಮೂರು ಇಂಚು ಮೀರಬಾರದು, ಕೂಡಲೇ ಕತ್ತರಿಸತಕ್ಕದ್ದು. ಸಿದ್ದರಾಜು ಪತ್ರ ಓದಿ ಕಣ್ಣು ಹೊಡೆದುಕೊಂಡ. ಕತ್ತರಿಸು ಅಂತ ಅವರು ಹೇಳುತ್ತಿದ್ದಾರೆ ಅಂದಮೇಲೆ ಗುಟ್ಟು ಎತ್ತರದಲ್ಲೇ ಇದೆ! ಅವನು ಕತ್ತರಿಸಲಿಲ್ಲ. ಹುಲ್ಲು ಮಂಡಿಗೆ ಬಂತು. ದಿನಾ ಸಂಜೆ ಮುನಿಯಕ್ಕ ಬಂದು ಗೇಟಿನ ಸರಳು ಹಿಡಿದು, ಏನೂ ಮಾತಾಡದೆ, ಅದನ್ನೇ ನೋಡುತ್ತಾ ನಿಲ್ಲತೊಡಗಿದಳು. ಪಕ್ಕದ ಮನೆಯವರು ಕಳಿಸಿದ ಗೂಢಚಾರಿಣಿ ಎಂದು ಸಿದ್ದರಾಜು ಅನುಮಾನಪಟ್ಟ.

ಆಗಸ್ಟ್ ಹದಿನೈದು. ಧ್ವಜ ಹಾರಿತು, ಲಾಡು ಹಂಚಿದರು. ತೀರ್ಪುಗಾರ್ತಿಯಾಗಿ ಬ್ರೂಕ್‌ಫೀಲ್ಡಿನಲ್ಲಿ ಕೈತೋಟದ ತರಗತಿ ನಡೆಸುವ ಪ್ರಿಯಾಂಕಾ ಬಂದಿದ್ದಳು, ಇಪ್ಪತ್ತೆಂಟರ ಹುಡುಗಿ, ದೊಡ್ಡ ಟೋಪಿ. ಮೊದಲು ಚನ್ನವೀರಪ್ಪನವರ ಲಾನು.

“ಒಂದೂ ಕಳೆ ಇಲ್ಲವಲ್ಲ ಸಾರ್! ಔಷಧಿ ಹೊಡೆಯಲ್ಲ ಅಂತೀರಿ, ಹೇಗೆ ನಿಭಾಯಿಸ್ತೀರಿ?”

“ನಾವು ಕೈಯಲ್ಲೇ ಕೀಳ್ತೀವಿ ಮೇಡಂ, ಒಂದೊಂದಾಗಿ,” ಎಂದರು ಚನ್ನವೀರಪ್ಪನವರು, ಎದೆಯುಬ್ಬಿಸಿ. ಆ ‘ನಾವು’ ಗೇಟಿನ ಪಕ್ಕದಲ್ಲಿ ನಿಂತು, ಬಿರುಕುಬಿಟ್ಟ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿತ್ತು. ಲಾಡು ಅದರ ತನಕ ಬಂದಿರಲಿಲ್ಲ.

ಆಮೇಲೆ ಸಿದ್ದರಾಜುವಿನ ಲಾನು. ಇಡೀ ಬಡಾವಣೆ ಹಿಂದೆ ಬಂತು. ಪ್ರಿಯಾಂಕಾ ಟೋಪಿ ತೆಗೆದು, ಮಂಡಿಯೂರಿ, ಒಂದು ಗರಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

“ಸಾರ್, ಇದು ಯಾವ ತಳಿ?”

ಸಿದ್ದರಾಜು ಗಂಟಲು ಸರಿಮಾಡಿಕೊಂಡ. ವೇಣಿ ನೋಡುತ್ತಿದ್ದಳು. “ಸಿಂಗಾಪುರದ್ದು ಮೇಡಂ. ಸ್ಪೆಶಲ್ಲು.”

“ಎಲ್ಲಿ ಸಿಗತ್ತೆ?”

“ಎಲ್ಲರಿಗೂ ಸಿಗಲ್ಲ,” ಎಂದು ಅವನು ಚನ್ನವೀರಪ್ಪನವರ ಕಡೆ ನೋಡಿದ.

ಗುಂಪಿನ ಹಿಂದಿನಿಂದ ಒಂದು ಮುದಿ ದನಿ ಬಂತು. “ಎಲ್ಲಿಯ ಸಿಂಗಾಪುರನಪ್ಪ? ರಾಗಿ ಕಣವ್ವ ಅದು. ನನ್ನ ತಿಪ್ಪೆದು.”

ನಗು ಎದ್ದದ್ದು ಮೊದಲು ಶೇಖವ್ವನಿಂದ. ಎರಡು ತಿಂಗಳಿಂದ ಸೆರಗಿನೊಳಗೆ ಕಟ್ಟಿಟ್ಟಿದ್ದ ನಗು ಅದು, ತಡೆಯುವ ಹಾಗಿರಲಿಲ್ಲ. ಅದರ ಹಿಂದೆ ಬಡಾವಣೆಯೆಲ್ಲ ನಕ್ಕಿತು. ಚನ್ನವೀರಪ್ಪನವರು ನಗಲಿಲ್ಲ. ಸ್ಕೇಲು ತೆಗೆದು ಪೈರಿನ ಪಕ್ಕ ನಿಲ್ಲಿಸಿದರು. ಸ್ಕೇಲು ಮುಗಿದ ಮೇಲೂ ಪೈರಿತ್ತು.

“ಮೂರು ಇಂಚು ಮೀರಿದ್ದು ಲಾನಲ್ಲ. ಇದು ಕೃಷಿ. ವಸತಿ ಬಡಾವಣೆಯಲ್ಲಿ ಕೃಷಿ ಅನಧಿಕೃತ!”

“ಅಂಗಂದ್ರೇನು ಸ್ವಾಮಿ?” ಎಂದಳು ಮುನಿಯಕ್ಕ.

“ಕಾನೂನಿಗೆ ವಿರುದ್ಧ ಅಂತ.”

“ಓ,” ಎಂದಳು ಅವಳು. “ಅಂಗಾದ್ರೆ ಮೂವತ್ತು ವರ್ಸ ತೆಪ್ಪು ಮಾಡಿವ್ನಿ ಬುಡಿ, ಇದೇ ಜಾಗ್ದಾಗೆ.”

ಬೋರ್ಡು ಚನ್ನವೀರಪ್ಪನವರಿಗೆ ಹೋಯಿತು. ಮೊಳೆ ಹೊಡೆಯಲು ಸುತ್ತಿಗೆ ತಂದುಕೊಟ್ಟವಳು ಶೇಖವ್ವ. ಆ ಸುತ್ತಿಗೆಯ ಒಂದೊಂದು ಏಟೂ ಸಿದ್ದರಾಜುವಿನ ತಲೆಯೊಳಗೆ ಬಿತ್ತು. ಅವನು ಒಳಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಹುಲ್ಲು ಕತ್ತರಿಸುವ ಮಿಷನ್ನು ದರದರ ಎಳೆದು ತಂದ. “ಎಲ್ಲಾ ಬೋಳಿಸಿಬಿಡ್ತೀನಿ! ಒಂದು ಗರಿ ಉಳಿಸಲ್ಲ!”

ಮುನಿಯಕ್ಕ ಗೇಟು ತಳ್ಳಿಕೊಂಡು ಬಂದು ಮಿಷನ್ನಿನ ಮುಂದೆ ಕುಕ್ಕರಿಸಿದಳು. ಹೆಬ್ಬೆಟ್ಟು ಒತ್ತಿದ ಮೇಲೆ ಆ ಜಾಗದಲ್ಲಿ ಅವಳು ಮತ್ತೆ ಕೂತದ್ದು ಆವತ್ತೇ.

“ಕುಯ್ಬೇಡ ಕಣಪ್ಪ. ಮೂರೆಕ್ರೆ ಓಯ್ತು, ನಾನೇನಾರ ಕೇಳುದ್ನಾ? ಇದೊಂದು ಚಾಪೆ ಅಗ್ಲ ಬುಟ್ಬುಡು. ತೆನೆ ಬರೋಗಂಟ.”

“ಏಳಿ ಮುನಿಯಕ್ಕ. ಮಾನ ಹೋಗಿದೆ ನನಗೆ.”

“ನಿನ್ ಮಾನ ಓಗಿರಾದು ಸಿಂಗಾಪುರ ಅಂದಿದ್ಕೆ. ರಾಗಿಗಲ್ಲ.”

ವೇಣಿ ಬಂದು ಮಿಷನ್ನಿನ ಹಗ್ಗ ಗಂಡನ ಕೈಯಿಂದ ಕಿತ್ತುಕೊಂಡಳು. “ಇರ್ಲಿ ಬಿಡ್ರೀ. ಪಾಪ, ಅಜ್ಜಿ ಕೂತಿದ್ದಾರೆ. ನಡೀರಿ ಒಳಗೆ.” ರಾಗಿ ಉಳಿಯಿತು.

ಅದಾದ ಮೇಲೆ ನಡೆದದ್ದನ್ನು ಚನ್ನವೀರಪ್ಪನವರು ಯಾವ ನಿಯಮದಲ್ಲೂ ಬರೆದಿರಲಿಲ್ಲ. ತೆನೆ ಒಡೆಯಿತು. ಮುಷ್ಟಿ ಬಿಗಿದ ಹಾಗೆ, ಕೈಬೆರಳು ಮಡಿಸಿದ ಹಾಗೆ ತೆನೆ. ನಾಲ್ಕನೇ ಅಡ್ಡರಸ್ತೆಯವರು ಮಕ್ಕಳನ್ನು ಕರೆತಂದು, “ನೋಡು ಪುಟ್ಟ, ನಿನ್ನ ಮಾಲ್ಟು ಇದರಿಂದಲೇ ಬರೋದು” ಎಂದು ತೋರಿಸಿದರು. ಶಾಲೆಯ ವ್ಯಾನು ಬಂದು ನಿಂತಿತು. ಪ್ರಿಯಾಂಕಾ ತನ್ನ ತರಗತಿಯವರನ್ನು ಕರೆತಂದು ಮುನಿಯಕ್ಕನ ಹತ್ತಿರ ಪಾಠ ಹೇಳಿಸಿದಳು. ಮುನಿಯಕ್ಕ ಪೈರಿನ ನಡುವೆ ಸೊಪ್ಪು ಕಿತ್ತು ಕೊಟ್ಟಳು, ವೇಣಿ ಬಸ್ಸಾರು ಮಾಡಿದಳು, ಶೇಖವ್ವನಿಗೆ ಒಂದು ಪಾತ್ರೆ ಹೋಯಿತು. ಬೆಳಿಗ್ಗೆ ಎದ್ದು ವೇಣಿ ಈಗ ಪಕ್ಕದ ಮನೆಗೆ ಹೋಗುತ್ತಿರಲಿಲ್ಲ. ಬರಿಗಾಲಲ್ಲಿ ಬದುವಿನ ಸುತ್ತ ಓಡಾಡುತ್ತಾ ಗುಬ್ಬಿ ಓಡಿಸುತ್ತಿದ್ದಳು. ಬಿ.ಪಿ. ಇಳಿಯಿತು. ಇದಕ್ಕಾಗಿಯೇ ಯುದ್ಧ ಹೂಡಿದ್ದ ಸಿದ್ದರಾಜುವಿಗೆ ಅದು ಗೊತ್ತಾಗಲೇ ಇಲ್ಲ. ಅವನು ಏಣಿಯ ಮೇಲೆ ಆ ಕಡೆಗೆ ಮುಖ ಮಾಡಿ, ಹಿತ್ತಾಳೆ ಬೋರ್ಡನ್ನೇ ನೋಡುತ್ತಿದ್ದ.

ಬೋರ್ಡಿನ ಯಜಮಾನರು ಈ ಕಡೆಯ ರಾಗಿಯನ್ನೇ ನೋಡುತ್ತಿದ್ದರು. “ಬೋರ್ಡು ನನ್ನ ಗೇಟಿನ ಮೇಲೆ, ಜನ ಅವನ ಗೇಟಿನ ಮುಂದೆ! ಏನು ನ್ಯಾಯ ಇದು?” ಎಂದು ಅವರು ಶೇಖವ್ವನನ್ನು ಕೇಳಿದರು.

“ತಿಪ್ಪಿಗೆ ಹೋಗಿ ಕೇಳ್ರೀ ಯಪ್ಪಾ,” ಎಂದಳು ಶೇಖವ್ವ, ಕಳೆ ಕೀಳುತ್ತಾ.

ರಾಗಿ ಕೊಯ್ದ ಮರುವಾರ, ಭಾನುವಾರ ಬೆಳಿಗ್ಗೆ ಏಣಿ ಹತ್ತಿದ ಸಿದ್ದರಾಜುವಿಗೆ ಪಕ್ಕದ ಅಂಗಳ ಖಾಲಿ ಕಂಡಿತು. ರಸ್ತೆಯ ಕಡೆ ತಿರುಗಿದ. ಚನ್ನವೀರಪ್ಪನವರು ಜುಬ್ಬದ ತೋಳು ಮಡಚಿ, ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡಿದು ರಾಜಕಾಲುವೆಯ ಕಡೆ ಹೋಗುತ್ತಿದ್ದರು! ಸಿದ್ದರಾಜು ಏಣಿಯಿಂದ ಜಾರಿ, ಮರೆಯಲ್ಲಿ ಮರೆಯಲ್ಲಿ ಹಿಂಬಾಲಿಸಿ, ಕೆಂಪಿಯ ಕೊಟ್ಟಿಗೆಯ ಶೀಟಿನ ಹಿಂದೆ ಅವಿತು ನಿಂತ.

“ಹಳೇದು ಬೇಡಮ್ಮ,” ಎನ್ನುತ್ತಿದ್ದರು ಚನ್ನವೀರಪ್ಪನವರು, ಆಚೀಚೆ ನೋಡಿ, ದನಿ ತಗ್ಗಿಸಿ. “ಆ ಸಿದ್ದರಾಜುಗೆ ಕೊಟ್ಟೆಯಲ್ಲ, ಫ್ರೆಶ್ಶು. ಅದೇ ಕೊಡು. ಅವನಿಗಿಂತ ಒಂದು ಬುಟ್ಟಿ ಜಾಸ್ತಿ. ಎಷ್ಟು ಸಲ ಬೇಕಾದ್ರೂ ಬಂದು ಹೊರ್ತೀನಿ.”

“ಅದ್ಕೇನು ಸ್ವಾಮಿ, ಕೊಡಾನ,” ಎಂದಳು ಮುನಿಯಕ್ಕ. ಈ ಸಲ ಅವಳು ಯಾರಿಗೂ ಬುದ್ಧಿ ಹೇಳಲಿಲ್ಲ. ಬಕೆಟ್ಟು ತುಂಬಿದಳು. ಚನ್ನವೀರಪ್ಪನವರು ಕರ್ಚೀಫು ಹುಡುಕಲು ಆ ಕಡೆ ತಿರುಗಿದಾಗ ಸೊಂಟದ ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಕೆಂಪು ಕಾಳು ತೆಗೆದು, ಸಗಣಿಯ ಮೇಲೆ ಉದುರಿಸಿ, ಕೈಯಾಡಿಸಿ ಕಲಸಿದಳು. ಎರಡನೇ ಬಕೆಟ್ಟಿಗೂ ಒಂದು ಹಿಡಿ.

ಸಿದ್ದರಾಜುವಿಗೆ ಅಷ್ಟು ದೂರದಿಂದ ಕಂಡದ್ದು ಹಿಡಿ ಮಾತ್ರ. ಕಾಳು ಕಾಣಲಿಲ್ಲ. ಔಷಧಿ! ಎಂಜಿನಿಯರಿಗೆ ಮಾತ್ರ ಕೊಡುವ ಔಷಧಿ! ತನಗೆ ಹತ್ತು ಬುಟ್ಟಿ ಕೊಟ್ಟಾಗ ಒಂದು ಚಿಟಿಕೆಯೂ ಹಾಕಿರಲಿಲ್ಲವಲ್ಲ!

ಶೀಟಿನ ಹಿಂದಿನಿಂದ ಒಂದೇ ನೆಗೆತಕ್ಕೆ ಹೊರಬಂದ. ಕೆಂಪಿ ಬೆಚ್ಚಿ ಹಗ್ಗ ಜಗ್ಗಿತು. ಚನ್ನವೀರಪ್ಪನವರ ಕೈಯಿಂದ ಕರ್ಚೀಫು ಬಿತ್ತು.

“ಮುನಿಯಕ್ಕ! ಏನಿದು ಅನ್ಯಾಯ? ಇವರಿಗೆ ಹಾಕಿದ್ದು ನನಗೆ ಯಾಕೆ ಹಾಕಿರ್ಲಿಲ್ಲ?”

ಮುನಿಯಕ್ಕ ಇಬ್ಬರನ್ನೂ ನೋಡಿದಳು. ಅವರ ಹಿಂದೆ, ಸೂರ್ಯನ ಬೆಳಕಿನಲ್ಲಿ, ಐದು ಅಡ್ಡರಸ್ತೆಗಳ ಮನೆಗಳು, ಮನೆಗೊಂದು ಕಾಂಪೌಂಡು, ಕಾಂಪೌಂಡಿಗೊಂದು ಲಾನು. ಅವಳು ಸೆರಗಿನ ಗಂಟನ್ನು ಮತ್ತೆ ಬಿಚ್ಚಿದಳು.

“ಸಿಟ್ಟಾಗ್ಬೇಡ ಕಣಪ್ಪ, ನಿಂಗೂ ಐತೆ. ಓಗಿ ಬಕೀಟ್ ತತ್ತ. ಬರುವಾಗ ಆ ನಾಕನೇ ಅಡ್ಡರಸ್ತೆಯೋರ್ಗೂ ಒಂದ್ ಮಾತು ಏಳ್ಬುಡು, ನಂಗೆ ಮಾತ್ರ ಕೊಡ್ತಾವ್ಳೆ ಅಂತ.”